ಧ್ವನಿವರ್ಧನೆ: ಅದರ ವಿದ್ಯೆ ಮತ್ತು ವೃತ್ತಿ

ಮದುವೆಯ ಚಪ್ಪರ, ಊರಹಬ್ಬ, ಶಾಲೆಯ ವಾರ್ಷಿಕೋತ್ಸವ, ರಾಮೋತ್ಸವದ ಸಂಗೀತ ಕಚೇರಿ—ಇವುಗಳಲ್ಲಿ ಯಾವುದಕ್ಕೆ ಹೋದರೂ, ವೇದಿಕೆಯ ಪಕ್ಕದಲ್ಲೋ ಸಭಿಕರ ಹಿಂಬದಿಯಲ್ಲೋ ಗುಂಡಿಗಳಿಂದ ತುಂಬಿದ ಫಲಕವೊಂದರ ಮುಂದೆ ಕುಳಿತ ಒಬ್ಬ ವ್ಯಕ್ತಿಯನ್ನು ಕಾಣಬಹುದು. ಕಾರ್ಯಕ್ರಮವು ಸುಗಮವಾಗಿ ನಡೆಯುತ್ತಿರುವವರೆಗೆ ಆ ವ್ಯಕ್ತಿಯ ಇರವು ಯಾರ ಗಮನಕ್ಕೂ ಬಾರದು. ಮೈಕು ಒಮ್ಮೆ ‘ಕುಂಯ್’ ಎಂದು ಕಿರಿಚಿತೆಂದರೆ ಸಾಕು, ಸಾವಿರ ತಲೆಗಳು ಏಕಕಾಲದಲ್ಲಿ ಅತ್ತ ತಿರುಗುತ್ತವೆ. ಜನಸಮೂಹದ ಎದುರಿನಲ್ಲಿ, ಅದೇ ಕ್ಷಣದಲ್ಲಿ ಹುಟ್ಟುವ ಧ್ವನಿಯನ್ನು ಅದೇ ಕ್ಷಣದಲ್ಲಿ ಎಲ್ಲರಿಗೂ ಮುಟ್ಟಿಸುವ ಈ ಕೆಲಸವನ್ನು ಮಾಡುವವರನ್ನು ಧ್ವನಿ ಎಂಜಿನಿಯರು ಎಂದು ಕರೆಯುತ್ತಾರೆ. ಚಲನಚಿತ್ರದ ಧ್ವನಿಮುದ್ರಣಕಾರರಿಗೆ ಇರುವ, ‘ಇನ್ನೊಮ್ಮೆ ಹಾಡಿ’ ಎಂದು ಕೇಳುವ ಸೌಕರ್ಯ ಇವರಿಗಿಲ್ಲ.

ಇದನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಬಹುದೆ ಎಂದು ಕೇಳುವ ವಿದ್ಯಾರ್ಥಿಗಳು ಪ್ರತಿವರ್ಷವೂ ಒಬ್ಬಿಬ್ಬರಾದರೂ ಇರುತ್ತಾರೆ. ಅವರ ಹಿಂದೆಯೇ, “ಮೈಕ್‌ಸೆಟ್ಟಿನವನಾಗುವುದಕ್ಕೆ ಬಿ.ಎಸ್‌ಸಿ. ಏತಕ್ಕೆ ಸ್ವಾಮಿ?” ಎಂದು ಕೇಳುವ ತಂದೆತಾಯಿಗಳೂ ಬರುತ್ತಾರೆ. ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕಂಡುಕೊಂಡರೆ ಮೊದಲನೆಯದಕ್ಕೂ ಉತ್ತರ ದೊರೆತಂತೆಯೇ ಸರಿ.

ಮೊದಲು ಒಂದು ಮಾತಿನ ಗೊಂದಲವನ್ನು ಬಿಡಿಸಬೇಕು. ನಮ್ಮ ಹಳ್ಳಿಗಳಲ್ಲಿ ಗಾಯಕನ ಮುಂದೆ ನಿಲ್ಲಿಸುವ ಧ್ವನಿಗ್ರಾಹಕವನ್ನೂ ‘ಮೈಕು’ ಎನ್ನುತ್ತಾರೆ; ಮರಕ್ಕೆ ಕಟ್ಟುವ ತುತ್ತೂರಿಯಾಕಾರದ ಧ್ವನಿವರ್ಧಕವನ್ನೂ ‘ಮೈಕು’ ಎನ್ನುತ್ತಾರೆ. ಒಂದು ಶಬ್ದವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ, ಇನ್ನೊಂದು ವಿದ್ಯುತ್ತನ್ನು ಶಬ್ದವಾಗಿ ಮಾರ್ಪಡಿಸುತ್ತದೆ. ಈ ಲೇಖನದಲ್ಲಿ ಮೈಕು ಎಂದರೆ ಮೊದಲನೆಯದು ಮಾತ್ರ. ಇವೆರಡರ ನಡುವೆ ಎರಡು ಹಾದಿಗಳಿವೆ. ತಂತಿಯ ಮೂಲಕ, ಮಿಕ್ಸರ್ ಮತ್ತು ಆಂಪ್ಲಿಫೈಯರುಗಳನ್ನು ಹಾದು ಹೋಗುವ ಹಾದಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಧ್ವನಿವರ್ಧಕದಿಂದ ಹೊರಟು, ಗಾಳಿಯ ಮೂಲಕ, ತಿರುಗಿ ಮೈಕಿಗೇ ಬರುವ ಹಾದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಡಿಗೆಗೆ ಸಾಮಾನು ತಂದು ಜೋಡಿಸುವವನಿಗೂ ಧ್ವನಿ ಎಂಜಿನಿಯರಿಗೂ ಇರುವ ಅಂತರವೆಲ್ಲ ಈ ಎರಡನೆಯ ಹಾದಿಯಲ್ಲಿದೆ.

ಮೈಕು ಕಿರಿಚುವುದು ಏಕೆಂಬುದನ್ನು ವಿಚಾರಿಸೋಣ. ಗಾಯಕನ ಧ್ವನಿಯು ಧ್ವನಿವರ್ಧಕದಿಂದ ದೊಡ್ಡದಾಗಿ ಹೊರಬಿದ್ದಾಗ ಅದರ ಬಹುಭಾಗವು ಸಭೆಯ ಕಡೆಗೆ ಹೋಗುತ್ತದೆ. ಒಂದಂಶವು ನೇರವಾಗಿಯೋ ಗೋಡೆಗಳಿಗೆ ತಗುಲಿಯೋ ಮೈಕಿಗೆ ಮರಳುತ್ತದೆ. ಇದು ಗಾಯಕನ ಕಂಠ, ಇದು ಮರಳಿ ಬಂದ ನಾದ ಎಂಬ ವಿವೇಚನೆ ಮೈಕಿಗೆ ಇಲ್ಲ. ಅದನ್ನೂ ಸ್ವೀಕರಿಸಿ ಮತ್ತೊಂದು ಸುತ್ತು ಕಳುಹಿಸುತ್ತದೆ. ಮರಳಿ ಬಂದದ್ದು ಮೊದಲಿನದರ ಅರ್ಧದಷ್ಟಿದೆಯೆಂದು ಇಟ್ಟುಕೊಳ್ಳಿ. ಎರಡನೆಯ ಸುತ್ತಿನಲ್ಲಿ ಅದು ಕಾಲುಭಾಗವಾಗುತ್ತದೆ, ಮೂರನೆಯದರಲ್ಲಿ ಅರೆಕಾಲು. ೧ + ೧/೨ + ೧/೪ + ೧/೮ ... ಎಂಬ ಈ ಗುಣೋತ್ತರ ಶ್ರೇಢಿಯ ಮೊತ್ತವು ೨ನ್ನು ಮೀರದೆಂಬುದನ್ನು ನೀವು ಗಣಿತದಲ್ಲಿ ಓದಿರುತ್ತೀರಿ. ಮರಳಿ ಬರುವುದು ಹತ್ತರಲ್ಲಿ ಒಂಬತ್ತು ಪಾಲಾದರೆ ಮೊತ್ತವು ೧೦ ಆಗುತ್ತದೆ. ಆಗ ಇನ್ನೂ ಕಿರಿಚಾಟವಿಲ್ಲ. ಆದರೆ ಕೆಲವು ಸ್ವರಗಳು ಮಾತ್ರ ಹತ್ತರಷ್ಟು ಉಬ್ಬಿ, ಭಾಷಣಕಾರನು ಕೊಡದೊಳಗೆ ತಲೆಯಿಟ್ಟು ಮಾತನಾಡುತ್ತಿರುವಂತೆ ಕೇಳುತ್ತದೆ. ಮರಳಿ ಬರುವುದು ಕಳುಹಿಸಿದಷ್ಟೇ ಅಥವಾ ಅದಕ್ಕಿಂತ ಹೆಚ್ಚಾಯಿತೋ, ಶ್ರೇಢಿಗೆ ಮೊತ್ತವೇ ಇಲ್ಲ. ಬಡ್ಡಿಯೇ ಅಸಲನ್ನು ಮೀರಿದ ಸಾಲದಂತೆ ಧ್ವನಿಯು ಬೆಳೆಯುತ್ತ ಹೋಗಿ, ಆಂಪ್ಲಿಫೈಯರಿನ ಶಕ್ತಿ ಮುಗಿದಲ್ಲಿ ಮಾತ್ರ ನಿಲ್ಲುತ್ತದೆ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸನ್ ಇದನ್ನು ವಿವರಿಸಿದುದರಿಂದ ಇದಕ್ಕೆ ಲಾರ್ಸನ್ ಪರಿಣಾಮವೆಂಬ ಹೆಸರೂ ಇದೆ.

ಈ ಬೆಳವಣಿಗೆಯ ವೇಗವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಧ್ವನಿವರ್ಧಕವು ಮೈಕಿನಿಂದ ೭ ಮೀಟರು ದೂರದಲ್ಲಿದ್ದರೆ, ಸೆಕೆಂಡಿಗೆ ಸುಮಾರು ೩೪೩ ಮೀಟರು ವೇಗದ ಶಬ್ದಕ್ಕೆ ಒಂದು ಸುತ್ತು ಬರಲು ಸೆಕೆಂಡಿನ ಸುಮಾರು ಐವತ್ತನೆಯ ಒಂದು ಪಾಲು ಸಾಕು. ಪ್ರತಿ ಸುತ್ತಿಗೂ ಧ್ವನಿಯು ೧.೨ರಷ್ಟಾದರೆ, ಅರ್ಧ ಸೆಕೆಂಡಿನ ೨೫ ಸುತ್ತುಗಳಲ್ಲಿ ಅದು ಸುಮಾರು ೯೫ರಷ್ಟಾಗಿರುತ್ತದೆ. ಕಿರಿಚಾಟ ಕೇಳಿಸಿದ ಮೇಲೆ ಗುಂಡಿಯ ಕಡೆಗೆ ಕೈಚಾಚುವವನು ಯಾವಾಗಲೂ ತಡವಾಗಿಯೇ ಬಂದಿರುತ್ತಾನೆ. ಇನ್ನೊಂದು ವಿಷಯ: ಸುತ್ತಿನ ಅವಧಿಯಲ್ಲಿ ಪೂರ್ಣ ಸಂಖ್ಯೆಯ ಕಂಪನಗಳನ್ನು ಮುಗಿಸುವ ಸ್ವರಗಳು ಮಾತ್ರ ಹೆಜ್ಜೆಗೆ ಹೆಜ್ಜೆ ಕೂಡಿಸಿ ಮರಳುತ್ತವೆ. ಅವುಗಳಲ್ಲಿಯೂ ಆ ಮೈಕು, ಆ ಧ್ವನಿವರ್ಧಕ, ಆ ಕೊಠಡಿ ಮೂರೂ ಕೂಡಿ ಯಾವುದನ್ನು ಹೆಚ್ಚು ಪೋಷಿಸುವುವೋ ಅದೇ ಮೊದಲು ಹೊಮ್ಮುತ್ತದೆ. ಕಿರಿಚಾಟವು ಗದ್ದಲವಾಗದೆ ಒಂದೇ ಸ್ವರವಾಗಿರುವುದಕ್ಕೆ ಇದೇ ಕಾರಣ.

ಪರಿಹಾರವೇನು? ಹೊಸಬರು ತಕ್ಷಣ ಈಕ್ವಲೈಸರಿನ ಕಡೆಗೆ ಓಡುತ್ತಾರೆ. ಬೇರೆ ಬೇರೆ ಸ್ಥಾಯಿಯ ಸ್ವರಗಳನ್ನು ಬೇರೆಯಾಗಿ ತಗ್ಗಿಸುವ ಈ ಸಾಧನವು ಉಪಯುಕ್ತವೇ. ಆದರೆ ಅದು ಔಷಧ, ಪಥ್ಯವಲ್ಲ. ಬಾಯಿಯಿಂದ ೬೦ ಸೆಂಟಿಮೀಟರು ದೂರದಲ್ಲಿದ್ದ ಮೈಕನ್ನು ೧೫ ಸೆಂಟಿಮೀಟರಿಗೆ ತಂದರೆ ಕಂಠದ ಒತ್ತಡವು ಮೈಕಿನಲ್ಲಿ ನಾಲ್ಕರಷ್ಟಾಗುತ್ತದೆ. ಮರಳಿ ಬರುವ ಧ್ವನಿ ಇದ್ದಷ್ಟೇ ಇರುತ್ತದೆ. ಒಂದು ಕಾಸೂ ಖರ್ಚಿಲ್ಲದೆ ೧೨ ಡೆಸಿಬೆಲ್ ಲಾಭ! ತೆರೆದಿಟ್ಟ ಮೈಕುಗಳ ಸಂಖ್ಯೆಯು ಇಮ್ಮಡಿಯಾದಂತೆಲ್ಲ ೩ ಡೆಸಿಬೆಲ್ಲಿನಷ್ಟು ಅವಕಾಶವು ಕೈತಪ್ಪುತ್ತದೆ. ಆದುದರಿಂದ ಬಳಸದ ಮೈಕನ್ನು ಮುಚ್ಚಿಡಬೇಕು. ವೇದಿಕೆಯ ಮೇಲೆ ಸಾಮಾನ್ಯವಾಗಿ ಬಳಸುವ ಮೈಕುಗಳು ಮುಂದಿನಿಂದ ಬರುವ ಧ್ವನಿಯನ್ನು ಹೆಚ್ಚಾಗಿಯೂ ಹಿಂದಿನಿಂದ ಬರುವುದನ್ನು ಅತ್ಯಲ್ಪವಾಗಿಯೂ ಗ್ರಹಿಸುತ್ತವೆ. ಅವುಗಳ ಗ್ರಹಣರೇಖೆಯನ್ನು ಬರೆದರೆ ಹೃದಯದ ಆಕಾರ ಬರುತ್ತದೆ. ಧ್ವನಿವರ್ಧಕವನ್ನು ಆ ಕಿವುಡು ಬೆನ್ನಿನ ಕಡೆಗೆ ಇಡಬೇಕು. ಕೆಲವು ಗಾಯಕರು ಮೈಕಿನ ತಲೆಯನ್ನು ಮುಷ್ಟಿಯಿಂದ ಮುಚ್ಚಿ ಹಿಡಿಯುತ್ತಾರೆ. ಈ ದಿಕ್ಕಿನ ಗುಣವು ಹಿಂಬದಿಯ ಸಣ್ಣ ಕಂಡಿಗಳಿಂದ ಬರುವುದಾದುದರಿಂದ, ಕಂಡಿ ಮುಚ್ಚಿದೊಡನೆ ಮೈಕು ಎಲ್ಲ ದಿಕ್ಕಿಗೂ ಕಿವಿಗೊಟ್ಟು ಕಿರಿಚಲಾರಂಭಿಸುತ್ತದೆ. ಕಾರಣ ತಿಳಿಯದೆ ಎಂಜಿನಿಯರನ್ನು ಬಯ್ಯುವ ಕಲಾವಿದರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಈ ಅರಿವು ಬೆಳೆದುಬಂದ ದಾರಿ ದೀರ್ಘವಾದುದು. ೧೯೬೫ರ ಆಗಸ್ಟ್ ೧೫ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡವು ಸುಮಾರು ೫೫,೦೦೦ ಜನರ ಮುಂದೆ ಹಾಡಿತು. ಆಟಗಾರರ ಹೆಸರನ್ನು ಕೂಗಿ ಹೇಳಲು ಕ್ರೀಡಾಂಗಣದಲ್ಲಿದ್ದ ಧ್ವನಿವರ್ಧಕಗಳನ್ನೂ ಬಳಸಿಕೊಂಡರು. ಆದರೂ ಅಭಿಮಾನಿಗಳ ಕೂಗಿನಲ್ಲಿ ಹಾಡು ಮುಳುಗಿಹೋಯಿತು. ಒಂಬತ್ತು ವರ್ಷಗಳ ಬಳಿಕ, ೧೯೭೪ರಲ್ಲಿ, ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ತಂಡವು ಸುಮಾರು ೬೦೦ ಧ್ವನಿವರ್ಧಕಗಳನ್ನು ಗೋಡೆಯಂತೆ ಪೇರಿಸಿ ಕಲಾವಿದರ ಹಿಂದೆಯೇ ನಿಲ್ಲಿಸಿತು. ನಾವು ಮೇಲೆ ಹೇಳಿದ ನಿಯಮದಂತೆ ಇದು ಕಿರಿಚಾಟಕ್ಕೆ ಆಹ್ವಾನವಿತ್ತಂತೆ. ಅವರು ಪ್ರತಿ ಗಾಯಕನಿಗೂ ಎರಡು ಮೈಕುಗಳನ್ನು ಮೇಲೆ ಕೆಳಗೆ ಜೋಡಿಸಿ, ಒಂದರ ಸಂಕೇತವನ್ನು ತಲೆಕೆಳಗು ಮಾಡಿ ಕೂಡಿಸಿದರು. ದೂರದ ಗೋಡೆಯಿಂದ ಬರುವ ಧ್ವನಿಯು ಎರಡನ್ನೂ ಸಮನಾಗಿ ಮುಟ್ಟುವುದರಿಂದ ಪರಸ್ಪರ ಕಳೆದುಹೋಗುತ್ತದೆ. ಗಾಯಕನು ಒಂದಕ್ಕೆ ಮಾತ್ರ ಬಾಯಿ ತಾಗಿಸಿ ಹಾಡುವುದರಿಂದ ಅವನ ಕಂಠ ಉಳಿಯುತ್ತದೆ. ತರಂಗಗಳ ವ್ಯತಿಕರಣಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ತಿಳಿಯದು. ಆದರೆ ಅದನ್ನು ಊರಿಂದೂರಿಗೆ ಸಾಗಿಸುವ ವೆಚ್ಚವು ತಂಡವನ್ನೇ ನುಂಗುವಷ್ಟಾಗಿ, ಅದೇ ವರ್ಷದಲ್ಲಿ ಅದನ್ನು ಕೈಬಿಟ್ಟರು. ವಿಜ್ಞಾನದಲ್ಲಿ ಸರಿಯಾದುದು ಜಮಾಖರ್ಚಿನಲ್ಲಿ ಸರಿಯಾಗಲಿಲ್ಲ.

ನಮ್ಮ ಸಂಗೀತಕ್ಕೆ ಬರೋಣ. ಕರ್ಣಾಟಕ ಸಂಗೀತದ ಕಚೇರಿಯಲ್ಲಿ ಐದಾರು ಮೈಕುಗಳಷ್ಟೇ ಇರುತ್ತವೆ. ಆದರೂ ಅದು ಸುಲಭವೆಂದು ಭಾವಿಸಬಾರದು. ತಂಬೂರಿಯ ಮೃದುನಾದವೂ ಮೃದಂಗದ ಗಟ್ಟಿಪೆಟ್ಟೂ ಒಂದೆರಡು ಮೀಟರುಗಳ ಅಂತರದಲ್ಲಿರುತ್ತವೆ. ಸರ್ ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ ೧೯೨೦ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಬರಹದಲ್ಲಿ ನಮ್ಮ ಮೃದಂಗದ ವೈಶಿಷ್ಟ್ಯವನ್ನು ತೋರಿಸಿದರು. ಬೆಂಗಳೂರಿಗೆ ಬಂದ ಮೇಲೆ, ೧೯೩೪ರಲ್ಲಿ, ಅದನ್ನು ವಿಸ್ತಾರವಾಗಿ ನಿರೂಪಿಸಿದರು. ಸಾಮಾನ್ಯವಾದ ಚರ್ಮವಾದ್ಯದ ಉಪಸ್ವರಗಳು ಮೂಲಸ್ವರದ ಪೂರ್ಣಗುಣಕಗಳಲ್ಲ. ಆದುದರಿಂದ ಅದರಿಂದ ಬರುವುದು ಸದ್ದು, ಸ್ವರವಲ್ಲ. ಮೃದಂಗದ ಬಲಮುಖಕ್ಕೆ ಹಚ್ಚಿದ ಕಪ್ಪು ಲೇಪವು ಚರ್ಮದ ನಡುವಣ ಭಾರವನ್ನು ಹೆಚ್ಚಿಸಿ ಉಪಸ್ವರಗಳನ್ನು ಒಂದು, ಎರಡು, ಮೂರು, ನಾಲ್ಕು, ಐದರ ಪ್ರಮಾಣಕ್ಕೆ ತರುತ್ತದೆ. ಅದಕ್ಕಾಗಿಯೇ ಮೃದಂಗವನ್ನು ಷಡ್ಜಕ್ಕೆ ಶ್ರುತಿ ಮಾಡಲು ಸಾಧ್ಯ. ಇದನ್ನು ತಿಳಿಯದ ಎಂಜಿನಿಯರು ಅದನ್ನು ಬರಿಯ ತಾಳದ ಸದ್ದೆಂದು ಬಗೆದು, ಕೆಳಗಿನ ಸ್ವರಗಳನ್ನು ಉಬ್ಬಿಸಿ ನಡುವಣವನ್ನು ಕತ್ತರಿಸಿದರೆ, ವಿದ್ವಾಂಸರು ಹತ್ತು ನಿಮಿಷ ಕುಳಿತು ಕೂಡಿಸಿದ ಶ್ರುತಿಯು ಹತ್ತನೆಯ ಸಾಲಿನವರಿಗೆ ಕೇಳುವುದೇ ಇಲ್ಲ. ಯಕ್ಷಗಾನದಲ್ಲಿ ಕಷ್ಟವು ಬೇರೆ: ಭಾಗವತರ ಪಕ್ಕದಲ್ಲಿಯೇ ಚೆಂಡೆಯಿದೆ, ಅವರ ಮೈಕಿನಲ್ಲಿ ಪದ್ಯಕ್ಕಿಂತ ಚೆಂಡೆಯೇ ಹೆಚ್ಚಾಗಿ ನುಗ್ಗಬಹುದು. ಮೈಕನ್ನು ಹತ್ತಿರಕ್ಕೆ ತಂದು ಅದರ ಬೆನ್ನನ್ನು ಚೆಂಡೆಯ ಕಡೆಗೆ ತಿರುಗಿಸದೆ ಗುಂಡಿಯನ್ನಷ್ಟೇ ತಿರುಗಿಸಿದರೆ ಎರಡೂ ಒಟ್ಟಿಗೆ ಏರುತ್ತವೆ.

ಕಲಾವಿದರು ತಮ್ಮನ್ನು ತಾವು ಕೇಳಿಸಿಕೊಳ್ಳಲು ವೇದಿಕೆಯ ಮೇಲೆ ಇಡುವ ಸಣ್ಣ ಧ್ವನಿವರ್ಧಕಗಳಿಗೆ ಮಾನಿಟರ್ ಎನ್ನುತ್ತಾರೆ. ಪಿಟೀಲಿನವರು ‘ನನ್ನದು ಸ್ವಲ್ಪ ಹೆಚ್ಚಿಸಿ’ ಎಂದು ಸನ್ನೆ ಮಾಡುತ್ತಾರೆ. ಹೆಚ್ಚಿಸಿದರೆ ಮೃದಂಗದವರಿಗೆ ತಮ್ಮದು ಕಡಿಮೆಯಾಗಿ ತೋರುತ್ತದೆ. ಅವರದನ್ನು ಹೆಚ್ಚಿಸಿದರೆ ಗಾಯಕರು ತಿರುಗಿ ನೋಡುತ್ತಾರೆ. ಅರ್ಧ ಗಂಟೆಯಲ್ಲಿ ವೇದಿಕೆಯು ಸಂತೆಯಾಗುತ್ತದೆ. ಅನುಭವಿಗಳು ಇಂತಹ ಸಮಯದಲ್ಲಿ ಒಂದನ್ನು ಏರಿಸದೆ ಉಳಿದವನ್ನು ಇಳಿಸುತ್ತಾರೆ. ಇದು ಪುಸ್ತಕದಲ್ಲಿ ಸಿಕ್ಕುವ ವಿದ್ಯೆಯಲ್ಲ.

ಸಭಾಂಗಣದ ವಿಷಯವನ್ನು ಮಾತ್ರ ಪುಸ್ತಕದಿಂದಲೇ ಕಲಿಯಬೇಕು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ತರುಣ ಭೌತವಿಜ್ಞಾನಿ ವ್ಯಾಲೇಸ್ ಸೆಬೈನ್ ಅವರಿಗೆ ೧೮೯೫ರಲ್ಲಿ, ಮಾತು ಅರ್ಥವಾಗದಷ್ಟು ಮೊಳಗುತ್ತಿದ್ದ ಉಪನ್ಯಾಸ ಮಂದಿರವೊಂದನ್ನು ಸರಿಪಡಿಸುವ ಕೆಲಸ ಬಿತ್ತು. ಆರ್ಗನ್ ವಾದ್ಯದ ಒಂದು ಕೊಳವೆ, ಕಾಲಮಾಪಕ, ಪಕ್ಕದ ರಂಗಮಂದಿರದಿಂದ ಹೊತ್ತು ತಂದ ಆಸನದ ಮೆತ್ತೆಗಳು—ಇಷ್ಟರಿಂದ ರಾತ್ರಿಯ ನಿಶ್ಶಬ್ದದಲ್ಲಿ ಪ್ರಯೋಗ ನಡೆಸಿ ಅವರು ಕಂಡುಕೊಂಡ ನಿಯಮ ಸರಳವಾಗಿದೆ. ಧ್ವನಿಯು ೬೦ ಡೆಸಿಬೆಲ್ ಇಳಿಯಲು ಬೇಕಾಗುವ ಸೆಕೆಂಡುಗಳನ್ನು ಅನುರಣನ ಕಾಲವೆನ್ನುತ್ತಾರೆ. ಕೊಠಡಿಯ ಘನಮೀಟರುಗಳನ್ನು ೦.೧೬೧ರಿಂದ ಗುಣಿಸಿ, ಶಬ್ದವನ್ನು ಹೀರುವ ಒಟ್ಟು ಚದರ ಮೀಟರುಗಳಿಂದ ಭಾಗಿಸಿದರೆ ಅದು ದೊರೆಯುತ್ತದೆ. ೨೦ ಮೀಟರು ಉದ್ದ, ೧೨ ಮೀಟರು ಅಗಲ, ೬ ಮೀಟರು ಎತ್ತರದ ಕಾಲೇಜಿನ ಸಭಾಂಗಣವನ್ನು ತೆಗೆದುಕೊಳ್ಳಿ: ೧,೪೪೦ ಘನಮೀಟರು. ಬರಿದಾಗಿರುವಾಗ ಅದರ ಹೀರಿಕೆ ೮೦ ಚದರ ಮೀಟರಿನಷ್ಟೆಂದು ಭಾವಿಸಿದರೆ ಅನುರಣನ ಕಾಲ ೨.೯ ಸೆಕೆಂಡು. ಮನುಷ್ಯನೊಬ್ಬನು ಬಟ್ಟೆಬರೆಯೊಡನೆ ಸುಮಾರು ಅರ್ಧ ಚದರ ಮೀಟರಿನಷ್ಟು ಹೀರುತ್ತಾನೆ. ೩೦೦ ಜನರು ಬಂದು ಕುಳಿತರೆ ಹೀರಿಕೆಯು ೨೩೦ಕ್ಕೇರಿ ಅನುರಣನವು ೧ ಸೆಕೆಂಡಿಗೆ ಇಳಿಯುತ್ತದೆ. ಸಂಜೆ ನಾಲ್ಕು ಗಂಟೆಗೆ ಖಾಲಿ ಕುರ್ಚಿಗಳ ಮುಂದೆ ‘ಹಲೋ ಹಲೋ’ ಎಂದು ಪರೀಕ್ಷಿಸಿ ಗೊತ್ತುಮಾಡಿದ ಏರ್ಪಾಡು ಆರು ಗಂಟೆಗೆ ಏಕೆ ಕೆಡುತ್ತದೆಂಬುದು ಈಗ ತಿಳಿಯಿತಷ್ಟೆ? ಸಭಾಂಗಣವೇ ಬದಲಾಗಿರುತ್ತದೆ.

ಬಯಲಿನಲ್ಲಿ ಅನುರಣನದ ಬಾಧೆಯಿಲ್ಲ, ದೂರದ ಬಾಧೆಯಿದೆ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ದಶಕಗಳ ಕಾಲ ನಡೆದು ಹೆಸರಾದ ರಾಮನವಮಿ ಕಚೇರಿಗಳಂತಹ ಉದ್ದ ಚಪ್ಪರಗಳಲ್ಲಿ, ಹಿಂದಿನವರಿಗಾಗಿ ನಡುವೆ ಇನ್ನೊಂದು ಜೊತೆ ಧ್ವನಿವರ್ಧಕಗಳನ್ನು ನಿಲ್ಲಿಸಬೇಕಾಗುತ್ತದೆ. ವೇದಿಕೆಯಿಂದ ೩೪ ಮೀಟರು ದೂರದಲ್ಲಿ ಅವನ್ನಿಟ್ಟರೆ, ತಂತಿಯಲ್ಲಿ ಬಂದ ಧ್ವನಿ ಕ್ಷಣಮಾತ್ರದಲ್ಲಿ ಹೊಮ್ಮುತ್ತದೆ. ಗಾಳಿಯಲ್ಲಿ ಬಂದದ್ದು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಗಿ ಬಂದು, ಒಂದೊಂದು ಅಕ್ಷರವೂ ಎರಡಾಗುತ್ತದೆ. ತಂತಿಯ ಧ್ವನಿಯನ್ನು ಅಷ್ಟೇ ಕಾಲ ತಡೆಹಿಡಿದು, ಅದರ ಮೇಲೆ ಇನ್ನೂ ಹತ್ತು ಹದಿನೈದು ಮಿಲಿಸೆಕೆಂಡು ಸೇರಿಸಿ ಬಿಡುಗಡೆ ಮಾಡಿದರೆ, ಕೇಳುಗನಿಗೆ ಧ್ವನಿಯು ವೇದಿಕೆಯಿಂದಲೇ ಬರುತ್ತಿರುವಂತೆ ಭಾಸವಾಗುತ್ತದೆ. ಕಿವಿಯು ಮೊದಲು ಬಂದ ಧ್ವನಿಯ ದಿಕ್ಕನ್ನೇ ನಂಬುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ ಇದನ್ನು ೧೯೪೯ರ ತಮ್ಮ ಪ್ರಬಂಧದಲ್ಲಿ ಅಳೆದು ತೋರಿಸಿದರು. ಈಗ ಈ ತಡೆಯನ್ನು ಮಿಕ್ಸರಿನಲ್ಲಿ ಒಂದು ಸಂಖ್ಯೆಯಾಗಿ ಒತ್ತಿದರಾಯಿತು. ಒತ್ತುವ ಸಂಖ್ಯೆಯನ್ನು ಮಾತ್ರ ನಾವೇ ತಿಳಿದಿರಬೇಕು. ೧೦೦ ಮೀಟರಿನ ದೂರಕ್ಕೆ ೩೫ ಡಿಗ್ರಿಯ ಮಧ್ಯಾಹ್ನಕ್ಕೂ ೨೦ ಡಿಗ್ರಿಯ ರಾತ್ರಿಗೂ ೭ ಮಿಲಿಸೆಕೆಂಡಿನ ವ್ಯತ್ಯಾಸವಿದೆ.

ವೃತ್ತಿಗೆ ಸೇರುವ ಬಗೆ ಹೇಗೆ? ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಧ್ವನಿಯ ವಿಭಾಗವಿದೆ. ಅದರ ದೃಷ್ಟಿ ಮುಖ್ಯವಾಗಿ ಚಿತ್ರದ ಕಡೆಗೆ. ಅಲ್ಲಿ ಕಲಿತದ್ದು ವ್ಯರ್ಥವಾಗದು. ಆದರೆ ಸಭಾಧ್ವನಿಯ ಕೆಲಸವನ್ನು ಹೆಚ್ಚಿನವರು ಕಲಿತಿರುವುದು ಬಾಡಿಗೆಗೆ ಸಾಮಾನು ಕೊಡುವ ಸಂಸ್ಥೆಗಳ ಲಾರಿಯಲ್ಲಿ. ಭೌತವಿಜ್ಞಾನ ಅಥವಾ ಎಲೆಕ್ಟ್ರಾನಿಕ್ಸಿನ ಪದವಿಯನ್ನು ಬಿಡದೆ ಮುಗಿಸಿ, ರಜೆಯ ದಿನಗಳಲ್ಲಿ ಅಂತಹ ಒಂದು ಸಂಸ್ಥೆಯ ಜೊತೆಗೆ ಹೋಗುವುದು ನನಗೆ ಯೋಗ್ಯವಾಗಿ ತೋರುವ ಮಾರ್ಗ. ಮೊದಲ ವರ್ಷ ಕೇಬಲ್ಲು ಸುತ್ತುವುದೇ ಕೆಲಸ. ಪದವೀಧರನಿಗೆ ಇದು ಅವಮಾನವೆಂದು ತೋರಬಹುದು. ಒಂದೇ ದಿಕ್ಕಿಗೆ ಸುತ್ತಿದ ಕೇಬಲ್ಲು ಒಳಗೇ ಹುರಿಗೊಂಡು ಬೇಗ ಮುರಿಯುತ್ತದೆ. ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ಎಂದು ಬದಲಿಸುತ್ತ ಸುತ್ತಿದರೆ ಹುರಿಯು ಕಳೆಯುತ್ತದೆ. ಕೇಬಲ್ಲಿನ ಎರಡು ತುದಿಗಳನ್ನೂ ಬಲ್ಲವನು ಮುಂದೆ ದೋಷವನ್ನು ಐದು ನಿಮಿಷದಲ್ಲಿ ಹುಡುಕುತ್ತಾನೆ. ಆಮೇಲೆ ಮೈಕುಗಳನ್ನು ನಿಲ್ಲಿಸುವುದು, ಆಮೇಲೆ ಮಾನಿಟರುಗಳು, ಕೊನೆಗೆ ಸಭೆಯ ನಡುವಿನ ಮಿಕ್ಸರು. ಮನೆಯಲ್ಲಿ ಮಾಡಬಹುದಾದ ಅಭ್ಯಾಸವೊಂದಿದೆ: ಫೋನಿನಲ್ಲಿ ಶುದ್ಧಸ್ವರಗಳನ್ನು ಹುಟ್ಟಿಸುವ ಉಚಿತ ಸಾಧನಗಳಿವೆ, ಮಿತ್ರನೊಬ್ಬನು ೨೫೦, ೫೦೦, ೧,೦೦೦, ೨,೦೦೦, ೪,೦೦೦ ಹರ್ಟ್ಸ್‌ಗಳಲ್ಲಿ ಒಂದನ್ನು ನುಡಿಸಲಿ, ನೀವು ಕಣ್ಣುಮುಚ್ಚಿ ಹೇಳಿ. ಕೆಲವು ತಿಂಗಳಲ್ಲಿ ಕಿರಿಚಾಟ ಹೊರಡುವ ಮೊದಲೇ ಅದರ ಸ್ವರವನ್ನು ಗುರುತಿಸುವ ಕಿವಿ ಬರುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಉಡಾಫೆ ಕೂಡದು. ೧೯೭೨ರ ಮೇ ೩ರಂದು ಬ್ರಿಟನ್ನಿನ ಸ್ವಾನ್ಸೀ ಊರಿನಲ್ಲಿ ಗಿಟಾರ್ ವಾದಕ ಲೆಸ್ ಹಾರ್ವೆ, ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಸತ್ತನು. ಧ್ವನಿವರ್ಧಕದಲ್ಲಿ ‘ಗುಂಯ್’ ಎಂಬ ನಾದ ಬರುತ್ತಿದೆಯೆಂದು ಪ್ಲಗ್ಗಿನ ಅರ್ತ್ ತಂತಿಯನ್ನು ಕತ್ತರಿಸುವ ದುರಭ್ಯಾಸ ಇಂದಿಗೂ ಅಲ್ಲಲ್ಲಿ ಕಾಣುತ್ತದೆ. ಹಾಗೆ ಮಾಡುವ ಯಜಮಾನನ ಬಳಿ ಕೆಲಸ ಕಲಿಯುವುದಕ್ಕಿಂತ ಕಲಿಯದಿರುವುದು ಲೇಸು.

ಆದಾಯದ ವಿಚಾರವನ್ನು ಮುಚ್ಚಿಡಬಾರದು. ಹೆಚ್ಚಿನವರಿಗೆ ತಿಂಗಳ ಸಂಬಳವಿಲ್ಲ. ಕಾರ್ಯಕ್ರಮಕ್ಕೆ ಇಷ್ಟು ಎಂದು. ರಾಮನವಮಿ, ಗಣೇಶನ ಹಬ್ಬ, ರಾಜ್ಯೋತ್ಸವ, ಶಾಲೆಗಳ ವಾರ್ಷಿಕೋತ್ಸವ, ಮದುವೆಯ ತಿಂಗಳುಗಳಲ್ಲಿ ನಿದ್ದೆಗೆ ಬಿಡುವಿಲ್ಲ. ಆಷಾಢದ ಮಳೆಯಲ್ಲಿ ಕೈ ಖಾಲಿ. ಎಲ್ಲರೂ ಹಬ್ಬ ಮಾಡುವಾಗ ನಿಮಗೆ ದುಡಿಮೆ. ಸ್ವಂತ ಸಾಮಾನು ಕೊಳ್ಳುವ ಆತುರದಲ್ಲಿ ಸಾಲಕ್ಕೆ ಬಿದ್ದವರನ್ನು ಕಂಡಿದ್ದೇನೆ. ಕಿವಿಯನ್ನೂ ಹೆಸರನ್ನೂ ಮೊದಲು ಗಳಿಸಿದವರಿಗೆ ಸಾಮಾನು ಬಾಡಿಗೆಗೇ ಸಿಕ್ಕುತ್ತದೆ. ಕಾನೂನೂ ತಿಳಿದಿರಬೇಕು: ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸುವಂತಿಲ್ಲ, ವರ್ಷದಲ್ಲಿ ೧೫ ದಿನಗಳನ್ನು ಮೀರದಂತೆ, ಮಧ್ಯರಾತ್ರಿಯವರೆಗೆ ಸರ್ಕಾರವು ವಿನಾಯಿತಿ ನೀಡಬಹುದು. ‘ಇನ್ನೊಂದೇ ಹಾಡು’ ಎಂದು ಸಂಘಟಕರು ಒತ್ತಾಯಿಸುವಾಗ ಗುಂಡಿಯ ಮೇಲಿರುವುದು ನಿಮ್ಮ ಕೈ.

ಕೊನೆಯದಾಗಿ ಕಿವಿ. ೮೫ ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡಬಹುದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದೆ. ಪ್ರತಿ ೩ ಡೆಸಿಬೆಲ್ ಏರಿಕೆಗೂ ಅವಧಿಯು ಅರ್ಧವಾಗುತ್ತದೆ. ೮೮ಕ್ಕೆ ನಾಲ್ಕು ಗಂಟೆ, ೯೧ಕ್ಕೆ ಎರಡು. ೧೦೦ಕ್ಕೆ ಬಂದರೆ ಉಳಿಯುವುದು ಹದಿನೈದೇ ನಿಮಿಷ. ಮೂರು ಗಂಟೆಗಳ ವಾದ್ಯಗೋಷ್ಠಿಯನ್ನು ೧೦೦ ಡೆಸಿಬೆಲ್ಲಿನಲ್ಲಿ ನಡೆಸುವವನು ಹನ್ನೆರಡು ದಿನಗಳ ಪಾಲನ್ನು ಒಂದೇ ರಾತ್ರಿಯಲ್ಲಿ ಖರ್ಚು ಮಾಡುತ್ತಾನೆ. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಾನಿಯು ಸಾಮಾನ್ಯವಾಗಿ ೪,೦೦೦ ಹರ್ಟ್ಸಿನ ಸುತ್ತ ಆರಂಭವಾಗುವುದರಿಂದ ಮಾತು ಕೇಳುವುದಕ್ಕೆ ಮೊದಮೊದಲು ಅಡ್ಡಿಯಾಗದು. ಎಂಜಿನಿಯರು ಮಾತ್ರ ತನಗೆ ಕೇಳಿಸದ ಆ ಸ್ವರಗಳನ್ನು ಅರಿವಿಲ್ಲದೆ ಏರಿಸುತ್ತ ಹೋಗಿ ಸಭಿಕರ ಕಿವಿಗಳನ್ನೂ ಚುಚ್ಚುತ್ತಾನೆ. ವೃತ್ತಿಗೆ ಕಾಲಿಡುವ ಮೊದಲೇ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ಮೈಸೂರಿನಲ್ಲಿ ೧೯೬೫ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೂ ದೊಡ್ಡ ಆಸ್ಪತ್ರೆಗಳಲ್ಲಿಯೂ ಇದಕ್ಕೆ ಏರ್ಪಾಡಿದೆ. ಪರೀಕ್ಷೆಯ ಹಾಳೆಯ ಮೇಲೆ ದಿನಾಂಕ ಬರೆದು ಜೋಪಾನವಾಗಿಡಿ. ವರ್ಷಕ್ಕೊಮ್ಮೆ ಹೊಸ ಹಾಳೆಯನ್ನು ಅದರ ಪಕ್ಕದಲ್ಲಿಟ್ಟು, ೪,೦೦೦ ಹರ್ಟ್ಸಿನ ಬಳಿ ಗೆರೆಯು ಎಷ್ಟು ಕೆಳಗಿಳಿದಿದೆಯೆಂಬುದನ್ನು ನೋಡಿ.